ಎಳೆತದ ಅಳತೆ

ನೀರಜಾಕ್ಷಿಯವರು ಯಾವ ಆಟವನ್ನೂ ಆಡಿದವರಲ್ಲ. ಶಾಲೆಯಲ್ಲಿ ಒಮ್ಮೆ ನಿಂಬೆಹಣ್ಣು-ಚಮಚದ ಓಟಕ್ಕೆ ನಿಂತು, ಅರ್ಧ ದಾರಿಯಲ್ಲಿ ನಿಂಬೆ ಉರುಳಿಹೋಗಿ ಸುಮ್ಮನೆ ವಾಪಸು ಬಂದಿದ್ದರಂತೆ. ಮೈದಾನದ ಜೊತೆ ಅವರಿಗಿದ್ದ ಸಂಬಂಧ ಅಷ್ಟೇ. ಮಂಗಳೂರಿನ ಒಂದು ಹೆಣ್ಣುಮಕ್ಕಳ ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಅವರು ಇಪ್ಪತ್ತನಾಲ್ಕು ವರ್ಷಗಳಿಂದ ಇನ್‌ಸ್ಟ್ರಕ್ಟರ್. ನಾನು ಅದೇ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದೆ. ಮಧ್ಯಾಹ್ನ ಒಟ್ಟಿಗೆ ಬುತ್ತಿ ಬಿಚ್ಚುತ್ತಿದ್ದೆವು. ಹಾಗಾಗಿ ಈ ಕಥೆಯ ಹೆಚ್ಚಿನ ಭಾಗವನ್ನು ನಾನು ಕಣ್ಣಾರೆ ಕಂಡಿದ್ದೇನೆ, ಉಳಿದದ್ದನ್ನು ಅವರ ಬಾಯಿಂದಲೇ ಕೇಳಿದ್ದೇನೆ.

ಅವರದು ಬಜಪೆ ಕಡೆಯ ಅರ್ಚಕರ ಮನೆತನ. ಬಿಎಸ್ಸಿಯಲ್ಲಿ ಪ್ರಥಮ ದರ್ಜೆ ಬಂದಿತ್ತು, ಎಂಎಸ್ಸಿಗೆ ಸೀಟೂ ಸಿಕ್ಕಿತ್ತು. ಅದೇ ವರ್ಷ ಮದುವೆ ನಿಶ್ಚಯವಾಯಿತು. ಗಂಡ ವಿಷ್ಣುಮೂರ್ತಿಗಳು ಜೆಪ್ಪುವಿನ ಒಂದು ದೇವಿ ಗುಡಿಯಲ್ಲಿ ಎರಡು ಹೊತ್ತು ಪೂಜೆ ಮಾಡಿ, ನಡುವೆ ಒಂದು ಸಹಕಾರಿ ಸಂಘದ ಕಚೇರಿಗೆ ಹೋಗಿಬರುವವರು. ಒಳ್ಳೆಯ ಮನುಷ್ಯ. ಆದರೂ ಓದು ಅಲ್ಲಿಗೇ ನಿಂತಿತು. ಪ್ರಯೋಗಾಲಯದ ಕೆಲಸವೆಂದರೆ ಲೋಲಕ, ಮಸೂರ, ತಂತಿ, ಬ್ಯಾಟರಿಗಳನ್ನು ಜೋಡಿಸಿಕೊಡುವುದು, ಸಂಜೆ ಎಣಿಸಿ ಕಪಾಟಿಗೆ ಸೇರಿಸುವುದು. ಮಕ್ಕಳಿಗೆ ಉತ್ತರ ಮೊದಲೇ ಗೊತ್ತಿರುತ್ತಿತ್ತು. ಲೋಲಕ ಹೇಗೆ ಆಡಿದರೂ ಕೊನೆಗೆ ಗುರುತ್ವಾಕರ್ಷಣೆಯ ಅಂಕಿ ಒಂಬತ್ತು ಪಾಯಿಂಟ್ ಎಂಟು ಬರುವಂತೆ ಬರೆದುಬಿಡುತ್ತಿದ್ದರು. ಅದೊಂದು ವಿಷಯದಲ್ಲಿ ಮಾತ್ರ ನೀರಜಾಕ್ಷಿಯವರು ಕಠಿಣ. ನಿಮಗೆ ಬಂದದ್ದು ಹತ್ತೂವರೆಯಾದರೆ ಹತ್ತೂವರೆ ಎಂದೇ ಬರೆಯಿರಿ, ಯಾಕೆ ಹಾಗೆ ಬಂತು ಎಂದು ನೋಡೋಣ, ಎನ್ನುತ್ತಿದ್ದರು. ಮಕ್ಕಳು ಬೆನ್ನ ಹಿಂದೆ ನಗುತ್ತಿದ್ದರು.

ಎರಡು ವರ್ಷದ ಹಿಂದಿನ ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮ ದೈಹಿಕ ಶಿಕ್ಷಣ ನಿರ್ದೇಶಕಿ ಏವ್ರಿಲ್ ಪ್ರಯೋಗಾಲಯಕ್ಕೆ ಬಂದು ಒಂದು ಸ್ಪ್ರಿಂಗ್ ತಕ್ಕಡಿ ಕೇಳಿದರು. ಕಾಲೇಜಿನ ಹಗ್ಗಜಗ್ಗಾಟದ ತಂಡ ಅವರ ಕೂಸು. ಹಿಂದಿನ ವರ್ಷ ಸೆಮಿಫೈನಲ್‌ನಲ್ಲಿ ಉಡುಪಿ ಕಡೆಯ ತಂಡವೊಂದಕ್ಕೆ ಸೋತಿದ್ದರು. ಆ ತಂಡ ಐದು ವರ್ಷಗಳಿಂದ ಯಾರಿಗೂ ಸೋತಿರಲಿಲ್ಲ. ಈ ಸಲ ಯಾರಿಗೆ ನಿಜವಾಗಿ ಎಷ್ಟು ಬಲ ಉಂಟು ಎಂದು ಅಳೆದು ನೋಡಿಯೇ ತಂಡ ಕಟ್ಟಬೇಕೆಂದು ಏವ್ರಿಲ್ ಹಠ ಹಿಡಿದಿದ್ದರು. ನೀರಜಾಕ್ಷಿಯವರು ಇದ್ದದ್ದರಲ್ಲಿ ದೊಡ್ಡದನ್ನು ಕೊಟ್ಟರು. ಅರ್ಧ ಗಂಟೆಯಲ್ಲಿ ಅದು ವಾಪಸು ಬಂತು, ಸ್ಪ್ರಿಂಗ್ ನೀಳವಾಗಿ ತಂತಿಯಾಗಿ. ಪ್ರಾಪ್ತಿ ಎಂಬ ಹುಡುಗಿ ಒಂದೇ ಸಲ ಎಳೆದಿದ್ದಳಂತೆ.

ಆ ತಂತಿಯನ್ನು ಹಿಡಿದುಕೊಂಡು ನೀರಜಾಕ್ಷಿಯವರು ಬಹಳ ಹೊತ್ತು ನೋಡಿದರು. ಏವ್ರಿಲ್ ಬೈಗುಳಕ್ಕೆ ತಯಾರಾಗಿ ನಿಂತಿದ್ದರು. ನೀರಜಾಕ್ಷಿಯವರು ಕೇಳಿದ್ದು ಒಂದೇ ಪ್ರಶ್ನೆ:

"ಆ ಹುಡುಗಿಯನ್ನು ಒಮ್ಮೆ ನೋಡ್ಬಹುದಾ ನಾನು?"

ಆ ಶನಿವಾರ ಅವರು ಬಂದರಿನ ಡಕ್ಕೆಗೆ ಹೋದರು. ದೋಣಿಗಳಿಂದ ಇಳಿಸಿದ ಮೀನನ್ನು ಅಲ್ಲಿ ಕ್ರೇನಿಗೆ ತೂಗುಹಾಕಿದ ಎಲೆಕ್ಟ್ರಾನಿಕ್ ತಕ್ಕಡಿಗಳಲ್ಲಿ ತೂಗುತ್ತಾರೆ. ಅವುಗಳನ್ನು ರಿಪೇರಿ ಮಾಡುವ ಉಮರಬ್ಬ ಎಂಬವರ ಅಂಗಡಿ ಹತ್ತಿರದಲ್ಲೇ ಇತ್ತು. ಮಡಿವಂತ ಮನೆಯ ಹೆಂಗಸು ಮೀನಿನ ನೀರಿನಲ್ಲಿ ಸೀರೆ ಎತ್ತಿಕೊಂಡು ನಡೆದುಬಂದು, ಹುಡುಗಿಯರು ಎಳೆಯುವ ಬಲವನ್ನು ಅಳೆಯಬೇಕು, ಒಂದು ತಕ್ಕಡಿ ಬೇಕು ಎಂದಾಗ ಉಮರಬ್ಬ ಮೊದಲು ತಮಾಷೆ ಎಂದುಕೊಂಡರು. ಆಮೇಲೆ ಮೂಲೆಯಲ್ಲಿದ್ದ ಹಳೆಯದೊಂದನ್ನು ತೆಗೆದು ಒರೆಸಿದರು. ಅತಿ ಹೆಚ್ಚು ಬಂದ ಅಂಕಿಯನ್ನು ಹಿಡಿದಿಟ್ಟು ತೋರಿಸುವ ಗುಂಡಿ ಅದರಲ್ಲಿತ್ತು. ತೆಗೆದುಕೊಂಡು ಹೋಗಿ, ನನ್ನಲ್ಲಿ ಸುಮ್ಮನೆ ಬಿದ್ದುಕೊಂಡಿದೆ, ಎಂದರು.

ನೀರಜಾಕ್ಷಿಯವರು ಹಾಗೆಯೇ ತೆಗೆದುಕೊಂಡು ಹೋಗಲಿಲ್ಲ. ಮುದ್ರೆ ಇರುವ ಇಪ್ಪತ್ತು ಕಿಲೋದ ಕಬ್ಬಿಣದ ತೂಕದ ಕಲ್ಲುಗಳನ್ನು ಕೇಳಿ, ಒಂದೊಂದಾಗಿ ತೂಗುಹಾಕಿಸಿ ಓದಿದರು. ಎಂಬತ್ತರವರೆಗೆ ಸರಿಯಿತ್ತು. ನೂರಕ್ಕೆ ತೊಂಬತ್ತೇಳು ತೋರಿಸುತ್ತಿತ್ತು. ಉಮರಬ್ಬ ಅದನ್ನು ಬಿಚ್ಚಿ, ಸರಿಪಡಿಸಿ, ಮತ್ತೆ ತೂಗಿದರು. ಮೀನಿನವರು ಕೂಡ ನನ್ನಿಂದ ಇಷ್ಟು ಕೆಲಸ ಮಾಡಿಸಿಲ್ಲ ಟೀಚರೇ, ಎಂದು ಅವರು ಹೇಳಿದ್ದನ್ನು ನೀರಜಾಕ್ಷಿಯವರು ಬುತ್ತಿಯ ಹೊತ್ತಿನಲ್ಲಿ ನನಗೆ ನಗುತ್ತ ವರ್ಣಿಸಿದರು. ಅವರು ಅಷ್ಟು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ಮೈದಾನದಲ್ಲಿ ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಮೊದಲ ದಿನ ತಕ್ಕಡಿಯನ್ನು ತೆಂಗಿನಮರಕ್ಕೆ ಕಟ್ಟಿ ಅದಕ್ಕೆ ಹಗ್ಗ ಸಿಕ್ಕಿಸಿದರು. ಹುಡುಗಿಯರು ಎಳೆದಾಗ ಮರ ತೂಗಿ, ಅಂಕಿಗಳು ಕುಣಿದವು. ನೀರಿನ ಟ್ಯಾಂಕಿನ ಕಾಂಕ್ರೀಟ್ ಕಂಬಕ್ಕೆ ಬದಲಾಯಿಸಿದರು. ಮಳೆ ಬಂದ ದಿನ ಕಾಲು ಜಾರಿ ಎಲ್ಲರ ಅಂಕಿಯೂ ಇಳಿಯಿತು. ಹಾಗಾಗಿ ಕಂಬದ ಎದುರು ತಗಡಿನ ಮಾಡಿನ ಕೆಳಗೆ ರಬ್ಬರ್ ಚಾಪೆ ಬಂತು. ಅದೇ ಶೂ, ಅದೇ ಹೊತ್ತು, ಎಳೆಯುವ ಮೊದಲು ಅದೇ ವ್ಯಾಯಾಮ, ಹಗ್ಗ ಅದೇ ಎತ್ತರದಲ್ಲಿ. ಒಬ್ಬೊಬ್ಬರಿಗೂ ಮೂರು ಎಳೆತ, ನಡುವೆ ಮೂರು ನಿಮಿಷ ವಿಶ್ರಾಂತಿ. ಸೋಮವಾರ ಮತ್ತು ಗುರುವಾರ ತಪ್ಪದೆ.

ಮೊದಲ ಮೂರು ವಾರ ಅವರು ಏವ್ರಿಲ್‌ಗೆ ಒಂದು ಅಂಕಿಯನ್ನೂ ಕೊಡಲಿಲ್ಲ. ಏವ್ರಿಲ್‌ಗೆ ತಾಳ್ಮೆ ಕಡಿಮೆ. ಎಂತ ಮಾರಾಯ್ರೆ, ಪಂದ್ಯ ಮುಗಿದ ಮೇಲೆ ಕೊಡುವುದಾ ಎಂದು ಕೇಳಿದರು. ನೀರಜಾಕ್ಷಿಯವರು ವಿವರಿಸಿದರು: ಒಬ್ಬಳೇ ಹುಡುಗಿ, ಬಲದಲ್ಲಿ ಯಾವ ಬದಲಾವಣೆಯೂ ಇಲ್ಲದೆ, ಇವತ್ತು ಎಂಬತ್ತು ಎಳೆದರೆ ಗುರುವಾರ ಎಂಬತ್ತಮೂರು ಎಳೆಯುತ್ತಾಳೆ, ಮತ್ತೊಂದು ದಿನ ಎಪ್ಪತ್ತೆಂಟು. ನಿದ್ದೆ, ಸೆಕೆ, ಮನಸ್ಸು, ಏನೇನೋ ಕಾರಣ. ಇವರೆಲ್ಲರನ್ನೂ ನೋಡಿದರೆ ನಾಲ್ಕು ಕಿಲೋದೊಳಗಿನ ಏರಿಳಿತಕ್ಕೆ ಅರ್ಥವಿಲ್ಲ. ಅದಕ್ಕಿಂತ ಹೆಚ್ಚು ಏರಿದರೆ, ಇಳಿದರೆ ಮಾತ್ರ ಏನೋ ಆಗಿದೆ ಎಂದು ತಿಳಿಯಬೇಕು. ಈ ನಾಲ್ಕು ಎಂಬುದನ್ನು ಕಂಡುಹಿಡಿಯಲು ಮೂರು ವಾರ ಬೇಕಾಯಿತು. ಯಾವ ಪುಸ್ತಕದ ಹಿಂಬದಿಯಲ್ಲೂ ಆ ಉತ್ತರ ಇರಲಿಲ್ಲ. ಅದನ್ನು ಹೇಳುವಾಗ ಅವರ ಮುಖ ಕೆಂಪಾಗಿತ್ತು.

ಪ್ರಾಪ್ತಿ ಎಲ್ಲರಿಗಿಂತ ಬಲಶಾಲಿ. ಕೂಳೂರಿನ ಹುಡುಗಿ, ಎರಡನೇ ಬಿಕಾಂ, ತೂಕ ಎಪ್ಪತ್ತನಾಲ್ಕು ಕಿಲೋ. ಸಾಲಿನ ಕೊನೆಯಲ್ಲಿ ಹಗ್ಗವನ್ನು ಮೈಗೆ ಸುತ್ತಿಕೊಂಡು ನಿಲ್ಲುವವಳು. ಅವಳ ಎಳೆತ ನೂರ ಹನ್ನೆರಡು ಕಿಲೋ. ಆಮೇಲೆ ತಂಡದ ನಾಯಕಿ ಮೆಲಿಸಾ. ಅಂತಿಮ ವರ್ಷದವಳು, ಮೂರು ವರ್ಷದಿಂದ ತಂಡದಲ್ಲಿರುವವಳು, ಎಂಬತ್ತಾರು ಎಳೆಯುತ್ತಿದ್ದಳು. ಬದಲಿ ಆಟಗಾರ್ತಿಯರ ಪಟ್ಟಿಯಲ್ಲಿ ಚೈತಾಲಿ ಎಂಬ ಸಣ್ಣ ಮೈಕಟ್ಟಿನ ಹುಡುಗಿಯಿದ್ದಳು. ತೂಕ ಐವತ್ತನಾಲ್ಕು ಕಿಲೋ. ಎಪ್ಪತ್ತೊಂದಷ್ಟೇ ಎಳೆದಳು. ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಗಸ್ಟಿನಲ್ಲಿ ನೀರಜಾಕ್ಷಿಯವರು ಹಿಂದಿನ ವರ್ಷದ ಸೆಮಿಫೈನಲ್‌ನ ವಿಡಿಯೊವನ್ನು ಏವ್ರಿಲ್‌ರ ಫೋನಿನಲ್ಲಿ ನೋಡಿದರು. ಕೈಯಲ್ಲಿ ಸ್ಟಾಪ್‌ವಾಚ್. ಮೂವತ್ತೈದು ಸೆಕೆಂಡಿನವರೆಗೆ ಹಗ್ಗ ಎರಡು ಕಡೆಗೂ ಅಲುಗಾಡಿರಲಿಲ್ಲ. ಸೋಲು ಬಂದದ್ದು ಆಮೇಲೆ. ಅಂದಿನಿಂದ ಅವರು ಒಂದು ಪರೀಕ್ಷೆಯನ್ನು ಸೇರಿಸಿದರು: ಎಳೆದು ಹಿಡಿದುಕೊಂಡೇ ಇರುವುದು, ಹತ್ತು ಸೆಕೆಂಡಿಗೊಮ್ಮೆ ಅಂಕಿ ಓದುವುದು. ನಲವತ್ತನೆಯ ಸೆಕೆಂಡಿನಲ್ಲಿ ಮೆಲಿಸಾ ಐವತ್ತೆರಡಕ್ಕೆ ಇಳಿದಿದ್ದಳು. ಚೈತಾಲಿ ಅರವತ್ತನಾಲ್ಕರಲ್ಲಿ ನಿಂತಿದ್ದಳು, ಮುಖದಲ್ಲಿ ಬೆವರು ಕೂಡ ಹೆಚ್ಚು ಇರಲಿಲ್ಲ. ಅದು ಹೇಗೆ ಎಂದು ಕೇಳಿದರೆ ಅವಳಿಗೂ ಗೊತ್ತಿರಲಿಲ್ಲ. ಬಿಡಲು ಮನಸ್ಸಾಗುವುದಿಲ್ಲ, ಅಷ್ಟೇ ಎಂದಳು. ನೀರಜಾಕ್ಷಿಯವರು ಮತ್ತೆ ಮೂರು ದಿನ ಅಳೆದು ಖಚಿತ ಮಾಡಿಕೊಂಡರು. ಏವ್ರಿಲ್ ಕಾಗದ ನೋಡಿ, ಒಳ್ಳೆಯದೇ, ಆದರೆ ನಾಯಕಿಯನ್ನು ತೆಗೆಯಲಾಗುವುದಿಲ್ಲ ಎಂದು ಬದಿಗಿಟ್ಟರು.

ತೊಂದರೆ ಶುರುವಾದದ್ದು ಸೆಪ್ಟೆಂಬರಿನಲ್ಲಿ. ಪಂದ್ಯದ ನಿಯಮದಂತೆ ಎಂಟು ಮಂದಿಯ ಒಟ್ಟು ತೂಕ ಐನೂರು ಕಿಲೋ ಮೀರಬಾರದು. ನಮ್ಮವರದು ಐನೂರ ಏಳು ಆಗುತ್ತಿತ್ತು. ಎಲ್ಲರೂ ಸ್ವಲ್ಪ ಸ್ವಲ್ಪ ಇಳಿಸಿ ಎಂದು ಏವ್ರಿಲ್ ಹೇಳಿದರು. ಎಲ್ಲ ತಂಡಗಳೂ ಹಾಗೆಯೇ ಮಾಡುತ್ತಿದ್ದವು, ಅದರಲ್ಲಿ ಅವರಿಗೆ ತಪ್ಪೇನೂ ಕಾಣಲಿಲ್ಲ.

ಎರಡು ವಾರದಲ್ಲಿ ಪ್ರಾಪ್ತಿಯ ಎಳೆತ ನೂರ ಒಂಬತ್ತಕ್ಕೆ ಬಂತು. ನೀರಜಾಕ್ಷಿಯವರು ಅದನ್ನು ಲೆಕ್ಕಿಸಲಿಲ್ಲ, ನಾಲ್ಕರೊಳಗೇ ಇತ್ತು. ಮುಂದಿನ ಸೋಮವಾರ ನೂರ ಒಂದು. ಗುರುವಾರ ಎಂಬತ್ತೆಂಟು. ಹುಡುಗಿಗೆ ಸೊಕ್ಕು ಬಂದಿದೆ, ತಂಡದಲ್ಲಿ ಜಾಗ ಖಾಯಂ ಎಂದು ಮೈಗಳ್ಳತನ ಮಾಡುತ್ತಿದ್ದಾಳೆ ಎಂದು ಏವ್ರಿಲ್ ರೇಗಿದರು. ಪ್ರಾಪ್ತಿ ತಲೆ ತಗ್ಗಿಸಿ ನಿಂತಳು.

ನೀರಜಾಕ್ಷಿಯವರು ಮೊದಲು ಸಂಶಯಪಟ್ಟದ್ದು ತಕ್ಕಡಿಯನ್ನು. ಮರುದಿನ ಅದನ್ನು ಆಟೊದಲ್ಲಿ ಹಾಕಿಕೊಂಡು ಉಮರಬ್ಬರ ಬಳಿಗೆ ಹೋಗಿ ಕಲ್ಲುಗಳನ್ನು ತೂಗಿಸಿದರು. ನೂರಕ್ಕೆ ನೂರೇ ತೋರಿಸಿತು. ಸಂಜೆ ಅವರು ಪ್ರಾಪ್ತಿಯನ್ನು ಪ್ರಯೋಗಾಲಯಕ್ಕೆ ಕರೆದು ಸ್ಟೂಲ್ ಮೇಲೆ ಕೂರಿಸಿದರು. ನಾನು ಆಗ ಅಲ್ಲೇ ಇದ್ದೆ. ಎದ್ದು ಹೋಗಲು ಹೊರಟಾಗ ಅವರೇ ಕಣ್ಣಲ್ಲಿ ಕೂರಿ ಎಂದರು.

"ಇವತ್ತು ಎಂತ ತಿಂದಿದ್ದಿ?"

"ಮುಳ್ಳುಸೌತೆ, ಮೇಡಂ."

"ನಿನ್ನೆ?"

ಅದೇ ಎಂದಳು ಹುಡುಗಿ. ಆಮೇಲೆ ನಿಧಾನವಾಗಿ ಹೇಳಿಕೊಂಡಳು. ಏಳು ಕಿಲೋ ಹೆಚ್ಚಾದದ್ದು ತನ್ನಿಂದಲೇ ಎಂದು ಅವಳಿಗೆ ಅನಿಸಿತ್ತು. ಹತ್ತು ದಿನದಿಂದ ಬೆಳಿಗ್ಗೆ ಮಜ್ಜಿಗೆ ನೀರು, ಮಧ್ಯಾಹ್ನ ಸೌತೆಕಾಯಿ, ರಾತ್ರಿ ಬರೀ ನೀರು. ಐದು ಕಿಲೋ ಇಳಿದಿದ್ದಳು. ಮನೆಯಲ್ಲಿ ಕಾಲೇಜಿನಲ್ಲೇ ಊಟ ಆಯಿತು ಎಂದು ಸುಳ್ಳು ಹೇಳುತ್ತಿದ್ದಳು. ಎರಡು ಸಲ ಬಸ್ಸಿನಲ್ಲಿ ತಲೆ ತಿರುಗಿತ್ತು.

"ಶಾಲೆಯಲ್ಲಿ ಎಲ್ಲ ನನಗೆ ದಡೂತಿ, ಡುಮ್ಮಿ ಅಂತಿದ್ರು ಮೇಡಂ. ಡ್ಯಾನ್ಸಿಗೆ ಸೇರಿಸ್ಲಿಲ್ಲ, ರಿಲೇಗೆ ಸೇರಿಸ್ಲಿಲ್ಲ. ನನ್ನ ತೂಕ ಬೇಕು ಅಂತ ಹೇಳಿದ್ದು ಈ ಹಗ್ಗ ಒಂದೇ. ಈಗ ಇಲ್ಲಿಯೂ ಜಾಸ್ತಿ ಆಯ್ತಲ್ಲ."

ನೀರಜಾಕ್ಷಿಯವರು ತಮ್ಮ ಬುತ್ತಿಯ ಎರಡನೇ ಡಬ್ಬವನ್ನು ತೆರೆದು ಅವಳ ಮುಂದಿಟ್ಟರು. ಅದರಲ್ಲಿ ಮಧ್ಯಾಹ್ನದ ಮೊಸರನ್ನ ಉಳಿದಿತ್ತು. ಅವಳು ಮುಗಿಸುವವರೆಗೆ ಗ್ರಾಫ್ ಹಾಳೆಯಲ್ಲಿ ಚುಕ್ಕೆಗಳನ್ನಿಟ್ಟು ಗೆರೆ ಎಳೆದರು. ಆಮೇಲೆ ಆ ಹಾಳೆಯನ್ನು ಹಿಡಿದುಕೊಂಡು ನೇರ ಏವ್ರಿಲ್‌ರ ಕೋಣೆಗೆ ನಡೆದರು.

ಇಪ್ಪತ್ತನಾಲ್ಕು ವರ್ಷಗಳಲ್ಲಿ ನೀರಜಾಕ್ಷಿಯವರು ಯಾರ ಎದುರೂ ಸ್ವರ ಎತ್ತಿದ್ದನ್ನು ನಾನು ಕೇಳಿರಲಿಲ್ಲ. ಅಂದೂ ಎತ್ತಲಿಲ್ಲ, ಆದರೆ ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ. ಐದು ಕಿಲೋ ತೂಕ ಇಳಿಸಿ ಇಪ್ಪತ್ತನಾಲ್ಕು ಕಿಲೋ ಎಳೆತ ಕಳೆದುಕೊಂಡಿದ್ದೀರಿ ಎಂದು ಗೆರೆಯನ್ನು ತೋರಿಸಿದರು. ಇದು ಸೊಕ್ಕಲ್ಲ, ಹಸಿವು. ಇನ್ನೊಂದು ವಾರ ಹೀಗೇ ಹೋದರೆ ಹುಡುಗಿ ಮೈದಾನದಲ್ಲಿ ಬೀಳುತ್ತಾಳೆ. ಏವ್ರಿಲ್ ಹಾಳೆ ನೋಡಿದರು, ಕುರ್ಚಿಯಲ್ಲಿ ಕುಸಿದು ಕುಳಿತರು. ನನಗೆ ಗೊತ್ತಿರಲಿಲ್ಲ ಎಂದು ಎರಡು ಮೂರು ಸಲ ಹೇಳಿದರು. ಅದು ನಿಜವೇ ಆಗಿತ್ತು. ಆಮೇಲೆ ಕೇಳಿದರು, ಹಾಗಾದರೆ ಏಳು ಕಿಲೋ ಎಲ್ಲಿಂದ ಇಳಿಸುವುದು ಎಂದು.

"ಯಾರೂ ಉಪವಾಸ ಮಾಡುದು ಬೇಡ. ಅರವತ್ತಮೂರು ಕಿಲೋದ ಒಬ್ಬರ ಜಾಗಕ್ಕೆ ಐವತ್ತನಾಲ್ಕು ಕಿಲೋದ ಚೈತಾಲಿಯನ್ನು ಹಾಕಿ. ನಾನೂರ ತೊಂಬತ್ತೆಂಟು ಆಗ್ತದೆ."

ಅರವತ್ತಮೂರು ಕಿಲೋದವಳು ಮೆಲಿಸಾ ಎಂದು ಇಬ್ಬರಿಗೂ ಗೊತ್ತಿತ್ತು.

ಈ ಸಂಗತಿಯನ್ನು ಮೆಲಿಸಾಳಿಗೆ ತಾವೇ ಹೇಳುವುದಾಗಿ ನೀರಜಾಕ್ಷಿಯವರು ಒಪ್ಪಿಕೊಂಡರು. ಮೆಲಿಸಾ ಮೊದಲು ನಂಬಲಿಲ್ಲ. ಮತ್ತೆ ಪರೀಕ್ಷೆ ಮಾಡಿ ಎಂದಳು. ಅದು ನ್ಯಾಯವಾದ ಮಾತು. ಮೂರು ಬೇರೆ ಬೇರೆ ದಿನ ಅವಳನ್ನೂ ಚೈತಾಲಿಯನ್ನೂ ಅಳೆದರು, ಅಂಕಿಯನ್ನು ಮೆಲಿಸಾಳೇ ಓದಿ ಬರೆದಳು. ಮೊದಲ ಹತ್ತು ಸೆಕೆಂಡಿನಲ್ಲಿ ಅವಳೇ ಮುಂದೆ, ಮೂವತ್ತಾದ ಮೇಲೆ ಮೂರು ದಿನವೂ ಚೈತಾಲಿ. ಮೂರನೇ ದಿನ ಅವಳು ಪೆನ್ನನ್ನು ಕೆಳಗಿಟ್ಟು ಅಳುತ್ತ ಹೋದಳು. ಆಮೇಲೆ ಅಭ್ಯಾಸಕ್ಕೆ ಬರಲಿಲ್ಲ. ಆ ವಾರವಿಡೀ ನೀರಜಾಕ್ಷಿಯವರಿಗೆ ಊಟ ರುಚಿಸಲಿಲ್ಲ. ನಿರ್ಜೀವ ಲೋಲಕವನ್ನು ಅಳೆಯುವುದು ಸುಲಭ, ಅದಕ್ಕೆ ಬೇಸರವಾಗುವುದಿಲ್ಲ ಎಂದು ನನ್ನಲ್ಲಿ ಹೇಳಿದರು. ವಿಷ್ಣುಮೂರ್ತಿಗಳು ಗುಡಿಯಿಂದ ಬರುವಾಗ ದಿನವೂ ಇಬ್ಬರು ಹುಡುಗಿಯರ ಹೆಸರಿನಲ್ಲಿ ಪ್ರಸಾದ ತರುತ್ತಿದ್ದರಂತೆ, ಒಂದು ಪ್ರಾಪ್ತಿಗೆ, ಒಂದು ಮೆಲಿಸಾಳಿಗೆ.

ಪ್ರಾಪ್ತಿ ತಿನ್ನತೊಡಗಿದಳು. ಏವ್ರಿಲ್ ಅವಳ ಮನೆಗೆ ಹೋಗಿ ತಾಯಿಯ ಹತ್ತಿರ ಕ್ಷಮೆ ಕೇಳಿ ಬಂದರು. ತೊಂಬತ್ತೈದು, ನೂರ ಮೂರು, ನೂರ ಹತ್ತು. ಪಂದ್ಯದ ಹಿಂದಿನ ಗುರುವಾರ ನೂರ ಹದಿಮೂರು ಬಂದಾಗ ಹುಡುಗಿಯರೆಲ್ಲ ಚಪ್ಪಾಳೆ ತಟ್ಟಿದರು. ನೀರಜಾಕ್ಷಿಯವರು ಮಾತ್ರ, ಒಂದು ಕಿಲೋಗೆ ಅರ್ಥವಿಲ್ಲ, ನೂರ ಹನ್ನೆರಡಕ್ಕೆ ವಾಪಸು ಬಂದಿದ್ದಾಳೆ ಎಂದಷ್ಟೇ ತಿಳಿಯಿರಿ ಎಂದರು.

ಅಕ್ಟೋಬರಿನಲ್ಲಿ ಮಂಗಳಾ ಕ್ರೀಡಾಂಗಣದಲ್ಲಿ ಅಂತರ ಕಾಲೇಜು ಪಂದ್ಯ. ಬೆಳಿಗ್ಗೆ ತೂಕ ನೋಡುವಾಗ ಉಳಿದ ತಂಡಗಳ ಹುಡುಗಿಯರು ಒಣಗಿದ ತುಟಿಗಳಲ್ಲಿ ಸಾಲಾಗಿ ನಿಂತಿದ್ದರು. ನಮ್ಮವರು ಇಡ್ಲಿ ತಿಂದು ಬಂದಿದ್ದರು. ನಾನೂರ ತೊಂಬತ್ತೆಂಟೂವರೆ.

ಫೈನಲ್‌ಗೆ ಬಂದದ್ದು ಅದೇ ಉಡುಪಿ ಕಡೆಯ ತಂಡ. ಹಗ್ಗದ ನಡುವಿನ ಗುರುತನ್ನು ನಾಲ್ಕು ಮೀಟರ್ ಎಳೆದುಕೊಂಡವರಿಗೆ ಒಂದು ಎಳೆತ, ಮೂರರಲ್ಲಿ ಎರಡು ಗೆದ್ದವರಿಗೆ ಕಪ್. ಮೊದಲ ಎಳೆತದಲ್ಲಿ ಸಿಳ್ಳೆ ಊದಿದ ಕ್ಷಣವೇ ಅವರು ಎರಗಿದರು, ನಮ್ಮವರು ಕಾಲೂರುವ ಮೊದಲೇ ಹಗ್ಗ ನಾಲ್ಕು ಮೀಟರ್ ಹೋಗಿಯಾಗಿತ್ತು. ಹದಿನೆಂಟೇ ಸೆಕೆಂಡಿಗೆ ಸೋತಿದ್ದರು. ಏವ್ರಿಲ್‌ರ ಮುಖ ಬಿಳಿಚಿತು. ನೀರಜಾಕ್ಷಿಯವರು ಗ್ಯಾಲರಿಯಿಂದ ಇಳಿದು ಬೇಲಿಯ ಹತ್ತಿರ ಹೋಗಿ ಹುಡುಗಿಯರನ್ನು ಕರೆದರು.

"ಮೂವತ್ತು ಸೆಕೆಂಡ್ ಎಳೀಬೇಡಿ. ಬರೇ ಹಿಡ್ಕೊಳ್ಳಿ. ಮೂವತ್ತಾದ್ಮೇಲೆ ನೀವು ಎಷ್ಟು ಅಂತ ನನಗೆ ಗೊತ್ತುಂಟು."

ಎರಡನೆಯ ಎಳೆತದಲ್ಲಿ ನೀರಜಾಕ್ಷಿಯವರು ಹಗ್ಗವನ್ನು ನೋಡಲೇ ಇಲ್ಲ. ವಾಪಸು ಬಂದು ನನ್ನ ಪಕ್ಕದಲ್ಲಿ ನಿಂತು ಸ್ಟಾಪ್‌ವಾಚನ್ನೇ ನೋಡುತ್ತ ಮೆಲ್ಲಗೆ ಸೆಕೆಂಡುಗಳನ್ನು ಹೇಳುತ್ತಿದ್ದರು. ಇಪ್ಪತ್ತಕ್ಕೆ ಹಗ್ಗದ ನಡುವಿನ ಗುರುತು ಎರಡು ಮೀಟರ್ ಆಚೆ ಹೋಗಿತ್ತು. ಪ್ರಾಪ್ತಿ ಹಿಮ್ಮಡಿಗಳನ್ನು ಹುಲ್ಲಿಗೆ ಹೂಳಿ ಮಲಗಿದಂತೆ ವಾಲಿದ್ದಳು, ಅಲ್ಲಿಂದ ಅದು ಮುಂದೆ ಹೋಗಲಿಲ್ಲ. ಮೂವತ್ತು. ನಲವತ್ತು. ಎದುರಿನ ಸಾಲಿನಲ್ಲಿ ಒಬ್ಬಳ ಮೊಣಕಾಲು ನಡುಗತೊಡಗಿದ್ದು ನನಗೆ ಕಾಣಿಸಿತು. ಏವ್ರಿಲ್ ಕೈ ಬೀಸಿ ಕೂಗಿದರು. ನಮ್ಮ ಎಂಟು ಮಂದಿ ಒಟ್ಟಿಗೆ ಒಂದು ಹೆಜ್ಜೆ ಹಿಂದಿಟ್ಟರು. ಇನ್ನೊಂದು. ಒಂದು ನಿಮಿಷ ಹನ್ನೆರಡು ಸೆಕೆಂಡಿಗೆ ಸಿಳ್ಳೆ ನಮ್ಮ ಪರವಾಗಿ ಮೊಳಗಿತು.

ಮೂರನೆಯದು ಎರಡು ನಿಮಿಷ ಮೀರಿ ಹೋಯಿತು. ಹಗ್ಗ ಗಾಳಿಯಲ್ಲಿ ಕಂಬಿಯ ಹಾಗೆ ಬಿಗಿದು ನಿಂತಿತ್ತು. ಚೈತಾಲಿ ಸಾಲಿನ ನಡುವೆ ಕಣ್ಣು ಮುಚ್ಚಿಕೊಂಡಿದ್ದಳು, ಅವಳ ಮುಂದಿನವಳು ಜಾರಿ ಎದ್ದಾಗಲೂ ಅವಳು ಅಲುಗಲಿಲ್ಲ. ಎರಡು ನಿಮಿಷ ಹತ್ತು ಸೆಕೆಂಡಿಗೆ ಎದುರಿನವರು ಒಟ್ಟಾಗಿ ಸಡಿಲಗೊಂಡರು. ಆಮೇಲಿನ ನಾಲ್ಕು ಮೀಟರ್ ನಡೆದುಕೊಂಡು ಹೋದ ಹಾಗೆ. ನಮ್ಮವರು ಬೆನ್ನ ಮೇಲೆ ಬಿದ್ದು, ಬಿದ್ದಲ್ಲೇ ಆಕಾಶ ನೋಡುತ್ತ ನಗುತ್ತಿದ್ದರು. ನೀರಜಾಕ್ಷಿಯವರು ವಾಚನ್ನು ನಿಲ್ಲಿಸಲು ಮರೆತಿದ್ದರು. ನಾನೇ ಅದನ್ನು ಅವರ ಕೈಯಿಂದ ತೆಗೆದು ನಿಲ್ಲಿಸಿದೆ, ಅವರ ಕಣ್ಣಿನಿಂದ ನೀರು ಸುರಿಯುತ್ತಿತ್ತು.

ಗ್ಯಾಲರಿಯ ಮೇಲಿನ ಸಾಲಿನಿಂದ ಮೆಲಿಸಾ ಇಳಿದುಬಂದಳು. ಬಂದಿದ್ದಾಳೆಂದು ನಮಗೆ ಗೊತ್ತೇ ಇರಲಿಲ್ಲ. ಚೈತಾಲಿಯ ಬೆನ್ನು ತಟ್ಟಿ, ನೀರಜಾಕ್ಷಿಯವರ ಎದುರು ಒಂದು ಕ್ಷಣ ನಿಂತಳು. ನೀವು ಅಳೆದದ್ದು ಸರಿಯಿತ್ತು ಮೇಡಂ ಎಂದಳು. ಅಪ್ಪಿಕೊಳ್ಳಲಿಲ್ಲ, ನಗಲೂ ಇಲ್ಲ. ಆದರೆ ಕಪ್ ಹಿಡಿದ ಫೋಟೊಗೆ ಹುಡುಗಿಯರು ಅವಳನ್ನು ಎಳೆದು ನಡುವೆ ನಿಲ್ಲಿಸಿದಾಗ ನಿಂತಳು.

ಮರುದಿನದ ಪತ್ರಿಕೆಯಲ್ಲಿ ನೀರಜಾಕ್ಷಿಯವರ ಹೆಸರಿರಲಿಲ್ಲ. ಆದರೆ ತಿಂಗಳೊಳಗೆ ಐದು ಕಾಲೇಜುಗಳ ದೈಹಿಕ ಶಿಕ್ಷಣ ನಿರ್ದೇಶಕರು ಟ್ಯಾಂಕಿನ ಕಂಬವನ್ನು ನೋಡಲು ಬಂದರು. ಅವರಿಗೆಲ್ಲ ನೀರಜಾಕ್ಷಿಯವರು ಮೊದಲು ಕಲಿಸಿದ್ದು ತಕ್ಕಡಿಯನ್ನು ಪರೀಕ್ಷಿಸುವುದನ್ನು. ಪ್ರಾಂಶುಪಾಲರು ಹಳೆಯ ಸೈಕಲ್ ಶೆಡ್ಡನ್ನು ಖಾಲಿ ಮಾಡಿಸಿ ಅವರಿಗೆ ಬಿಟ್ಟುಕೊಟ್ಟರು. ಈಗ ಅಲ್ಲಿ ಹಗ್ಗದವರು ಮಾತ್ರವಲ್ಲ, ಕಬಡ್ಡಿಯವರು, ಗುಂಡೆಸೆತದವರು, ಮೊಣಕಾಲಿನ ಪೆಟ್ಟಿನಿಂದ ಚೇತರಿಸಿಕೊಳ್ಳುತ್ತಿರುವ ಒಬ್ಬ ವಾಲಿಬಾಲ್ ಹುಡುಗಿ, ಎಲ್ಲರೂ ವಾರಕ್ಕೆ ಎರಡು ಸಲ ಬರುತ್ತಾರೆ. ಬಾಗಿಲಲ್ಲಿ ಪರೀಕ್ಷೆಯ ನಿಯಮಗಳನ್ನು ಕನ್ನಡದಲ್ಲಿ ಬರೆದು ಅಂಟಿಸಿದ್ದಾರೆ. ನಾನು ಕಾಗುಣಿತ ತಿದ್ದಿಕೊಟ್ಟೆ. ಮೊದಲ ನಿಯಮ: ತಿನ್ನದೆ ಬಂದವರನ್ನು ಅಳೆಯುವುದಿಲ್ಲ.

ಕಳೆದ ಜನವರಿಯಲ್ಲಿ ಪ್ರಾಪ್ತಿಯನ್ನು ರಾಜ್ಯ ತಂಡದ ಆಯ್ಕೆ ಶಿಬಿರಕ್ಕೆ ಕರೆದರು. ಅಲ್ಲಿನ ತರಬೇತುದಾರರು ನಾಲ್ಕು ಕಿಲೋ ಇಳಿಸಿದರೆ ನೋಡೋಣ ಎಂದರು. ಅವಳು ತನ್ನ ಒಂದೂವರೆ ವರ್ಷದ ಗ್ರಾಫ್ ಹಾಳೆಗಳನ್ನು ಅವರ ಮೇಜಿನ ಮೇಲೆ ಹರಡಿ, ಹೊಟ್ಟೆಗಿಲ್ಲದೆ ಕಳೆದ ಆ ಹತ್ತು ದಿನಗಳ ಮೇಲೆ ಬೆರಳಿಟ್ಟಳು. ನಾನು ಇಳಿಸುವುದಿಲ್ಲ ಸರ್, ಬೇಕಾದರೆ ಈಗಲೇ ಎಳೆಸಿ ನೋಡಿ ಎಂದಳಂತೆ. ಅವರು ಎಳೆಸಿ ನೋಡಿದರು. ನೂರ ಹದಿನೆಂಟು.

ಅಲ್ಲಿಂದಲೇ ಅವಳು ನೀರಜಾಕ್ಷಿಯವರಿಗೆ ಫೋನ್ ಮಾಡಿದಳು. ಅವರು ಶೆಡ್ಡಿನಲ್ಲಿ ಹೊಸ ಹುಡುಗಿಯೊಬ್ಬಳ ಮೂರನೆಯ ಎಳೆತವನ್ನು ಓದುತ್ತಿದ್ದರು. ಅಂಕಿಯನ್ನು ಕೈಯಲ್ಲಿದ್ದ ಹಾಳೆಯ ಮೂಲೆಯಲ್ಲಿ ಬರೆದುಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಕಣ್ಣರಳಿಸಿ ಹೇಳಿದರು:

"ಆರು ಹೆಚ್ಚು. ಇದಕ್ಕೆ ಅರ್ಥ ಉಂಟು."